ವಜಾ ಮಾಡುವ ಪಾಠ

ಬಿಬಿಎ ಕಾಲೇಜಿನಲ್ಲಿ ಆ ಅಟೆಂಡರನದು ಇಪ್ಪತ್ತೊಂದು ವರ್ಷದ ಸರ್ವಿಸು. ನೌಕರರನ್ನು ವಜಾ ಮಾಡುವ ಪಾಠ ಬಂದಾಗಲೆಲ್ಲ ಮೇಡಂ ಅವನನ್ನೇ ತರಗತಿಗೆ ಕರೆದು ನೌಕರನ ಪಾತ್ರಕ್ಕೆ ಕೂರಿಸುತ್ತಿದ್ದರು. ಈ ಸಲ ಬೆಳಿಗ್ಗೆಯೇ ಆಫೀಸಿನವರು ಅವನಿಗೆ ನಿಜವಾದ ವಜಾ ಪತ್ರ ಕೊಟ್ಟಿದ್ದರು. ಆದರೂ ಹೋಗಿ ಕೂತ.

"ನಾಳೆಯಿಂದ ನೀವು ಬರೋದು ಬೇಡ," ಎಂದಳು ಎದುರಿಗೆ ಮ್ಯಾನೇಜರಾಗಿ ಕೂತಿದ್ದ ಹುಡುಗಿ, ಪುಸ್ತಕ ನೋಡಿಕೊಂಡು.

"ಹಾಗನ್ನಬೇಡಿ ತಾಯಿ, ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಈ ವಯಸ್ಸಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?" ಎಂದವನೇ ಬಿಕ್ಕಿ ಬಿಕ್ಕಿ ಅತ್ತ.

ತರಗತಿಯೆಲ್ಲ ಚಪ್ಪಾಳೆ ತಟ್ಟಿತು. "ಅಬ್ಬಾ, ಏನ್ ಆಕ್ಟಿಂಗ್ ಅಂಕಲ್!"

"ಆಕ್ಟಿಂಗ್ ಅಲ್ಲ ಮೇಡಂ, ನಿಜವಾಗ್ಲೂ ತೆಗೆದುಬಿಟ್ರು."

"ಗೊತ್ತು, ಅದನ್ನ ತೀರ್ಮಾನ ಮಾಡಿದ ಕಮಿಟೀಲಿ ನಾನೂ ಇದ್ದೆ," ಎಂದರು ಮೇಡಂ ಮೆಲ್ಲಗೆ. ಆಮೇಲೆ ಹುಡುಗಿಯತ್ತ ತಿರುಗಿ, "ಅತ್ತಾಗ ಒಂದು ಲೋಟ ನೀರು ಕೊಡಬೇಕಮ್ಮ, ಅದಕ್ಕೂ ಮಾರ್ಕ್ಸ್ ಇದೆ" ಎಂದು ತಿದ್ದಿದರು.

ಅವನು ಏಳಹೋದ. ಮೇಡಂ ತಡೆದರು. "ಕೂತ್ಕೊಳ್ಳಿ, ನಿಮ್ಮನ್ನ ವಜಾ ಮಾಡೋಕೆ ಇನ್ನೂ ಆರು ಜನ ಬಾಕಿ ಇದ್ದಾರೆ."