ಶಮೀಮ್ ಆಂಟಿ ಮತ್ತು ಸಂಜೆಯ ನೀರು

ಶಮೀಮ್ ಆಂಟಿ ಕಾರಿನಲ್ಲಿ ನನ್ನ ಪಕ್ಕ ಕೂತರೆ ಹೈವೇ ನದಿಯಾಗುತ್ತಿತ್ತು. ಕ್ಯಾಂಟನ್‌ನಿಂದ ಆಫೀಸಿಗೆ ಹೋಗುವಾಗ ಫೋರ್ಡ್ ರೋಡ್ ಎಕ್ಸಿಟ್ ಬಂದ ಕೂಡಲೇ ಗಾಜಿನಾಚೆ ಬೆರಳು ತೋರಿಸಿ ಶುರು ಮಾಡುತ್ತಿದ್ದರು. "ಇದು ನಮ್ಮ ಡ್ಯಾಮ್. ಇಲ್ಲಿಂದ ಸಿಕ್ಸ್ ಮೈಲ್ ಎಕ್ಸಿಟ್ ತನಕ ಹಗಲೆಲ್ಲಾ ಮೊಣಕಾಲಮಟ ನೀರು. ಆ ಬ್ರಿಜ್ ಹತ್ರ ಸಾಲಿ. ಗ್ಯಾಸ್ ಸ್ಟೇಷನ್ ಐತಲ್ಲ, ಅಲ್ಲಿಂದ ಹೊಲ." ನಾನು ಸ್ವಲ್ಪ ವೇಗ ಹೆಚ್ಚಿಸಿದರೆ, "ಸಾವಕಾಶ ಹೋಗವಾ, ಒಂದು ಊರು ಬಿಟ್ಟೇ ಬಿಟ್ಟಿ" ಅನ್ನುತ್ತಿದ್ದರು. ಹೀಗೆ ಹೊಳೆಗುಂಟ ಆಫೀಸಿಗೆ ಹೋದ ದಿನಗಳಿಗೆ ಡೈರಿಯಲ್ಲಿ ಒಂದೊಂದು ಗೀಟು ಹಾಕುತ್ತಿದ್ದೆ. ಮೊದಲ ವರ್ಷಕ್ಕೆ ನಲವತ್ತೊಂದು ಗೀಟು.

ಆ ನದಿ ಇರುವುದು ಹಿಮಾಲಯದ ಒಂದು ಪುಟ್ಟ ದೇಶದಲ್ಲಿ. ಆಫೀಸಿನ ಕರಾರಿನ ಪ್ರಕಾರ ಹೆಸರು ಬರೆಯುವಂತಿಲ್ಲ. ನದಿಯ ಮೇಲೆ ಒಂದರ ಕೆಳಗೊಂದು ಮೂರು ಅಣೆಕಟ್ಟು ಕಟ್ಟಿ, ಗಡಿಯಾಚೆಯ ದೊಡ್ಡ ದೇಶಕ್ಕೆ ವಿದ್ಯುತ್ ಮಾರುವ ಯೋಜನೆ. ಯಾವ ಹೊತ್ತಿಗೆ ಎಷ್ಟು ನೀರು ಹಿಡಿಯಬೇಕು, ಎಷ್ಟು ಬಿಡಬೇಕು ಎಂದು ಲೆಕ್ಕ ಹಾಕಿಕೊಡುವುದು ಇಲ್ಲಿ, ಶಿಕಾಗೋದಿಂದ ನಾಲ್ಕೈದು ತಾಸು ದೂರದ ನಾರ್ತ್‌ವಿಲ್‌ನಲ್ಲಿದ್ದ ನಮ್ಮ ಸಣ್ಣ ಕಂಪನಿಯ ಕೆಲಸ. ಶಮೀಮ್ ಆಂಟಿ ಆ ತಂಡದ ಮುಖ್ಯಸ್ಥೆ. ಅವರ ಸಹಿ ಇಲ್ಲದೆ ಯಾವ ವೇಳಾಪಟ್ಟಿಯೂ ಹೊರಗೆ ಹೋಗುತ್ತಿರಲಿಲ್ಲ.

ಅವರು ಗದಗದವರು. ಹೊಳೆಯಿಲ್ಲದ ಊರಿನವರು ನೀರಿನ ಇಂಜಿನಿಯರ್ ಆದದ್ದು ಹೇಗೆ ಎಂದು ಕೇಳಿದ್ದೆ. "ನಮ್ಮ ಓಣ್ಯಾಗ ನಳ ಯಾವಾಗ ಬರ್ತದಂತ ಯಾರಿಗೂ ಗೊತ್ತಿರ್ತಿರಲಿಲ್ಲ. ಅಮ್ಮಿ ಮದುವಿಗೆ ಹೋಗಂಗಿಲ್ಲ, ಮಯ್ಯತ್ತು-ಮಣ್ಣಿಗೂ ಹೋಗಂಗಿಲ್ಲ, ನಳದ ಮುಂದ ಕೂತಿರ್ತಿದ್ಲು. ನೀರು ಕಡಿಮಿ ಬರ್ಲಿ, ಅಡ್ಡಿಯಿಲ್ಲ. ಬರೂ ಹೊತ್ತು ಮೊದ್ಲ ತಿಳೀಬೇಕು" ಎಂದರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೆ ಮಾತ್ರ ಬಾಯಿ ಬರುತ್ತಿರಲಿಲ್ಲ. ಮೀಟಿಂಗಿನಲ್ಲಿ ಅವರ ಹೆಸರು ಬಾರದಂತೆ ವಾಕ್ಯ ತಿರುಗಿಸುವುದನ್ನು ಕಲಿತೆ.

ಅಣೆಕಟ್ಟು ಎಂದರೆ ಮೂಗು ಮುರಿಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆ ದೇಶಕ್ಕೆ ಮಾರಲು ಬೇರೇನಿದೆ, ಕರೆಂಟ್ ಮಾರಿ ಆಸ್ಪತ್ರೆ ಕಟ್ಟಿಕೊಳ್ಳಲಿ ಎಂದು ವಾದ ಮಾಡುತ್ತಿದ್ದರು. ಹನ್ನೊಂದು ವರ್ಷ ಆ ಯೋಜನೆಗೆ ದುಡಿದಿದ್ದರು. ಮೂರನೆಯ, ಅತಿ ದೊಡ್ಡ ಅಣೆಕಟ್ಟಿನ ಯಂತ್ರ ತಿರುಗುವುದನ್ನು ಕಣ್ಣಾರೆ ನೋಡಿ ನಿವೃತ್ತಿ ಆಗಬೇಕೆಂಬುದು ಅವರ ಆಸೆ.

ತೊಡಕು ಬಂದದ್ದು ಆ ಮೂರನೆಯದರಲ್ಲೇ. ಕೊಳ್ಳುವ ದೇಶಕ್ಕೆ ವಿದ್ಯುತ್ ಬೇಕಾದದ್ದು ಸಂಜೆ, ಊರೂರಲ್ಲಿ ದೀಪ ಹತ್ತುವ ಹೊತ್ತಿಗೆ. ಹಾಗಾಗಿ ಹಗಲೆಲ್ಲಾ ನೀರು ಹಿಡಿದು, ಸಂಜೆ ಒಮ್ಮೆಲೇ ಬಿಡಬೇಕು. ಕೆಳಗಿನ ಕಣಿವೆಯಲ್ಲಿ ಹೆಂಗಸರು ಆಚೆ ದಡದ ಹೊಲಗಳಿಂದ ಹುಲ್ಲಿನ ಹೊರೆ ಹೊತ್ತು ಹೊಳೆ ದಾಟಿ ಮನೆಗೆ ಬರುವುದೂ ಅದೇ ಹೊತ್ತಿಗೆ. ಆಂಟಿ ಹಟ ಹಿಡಿದು ಒಂದು ಕಾಲುಸೇತುವೆ ಮಂಜೂರು ಮಾಡಿಸಿದ್ದರು. ಆದರೆ ಹೊಲಗಳು ಮೈಲುಗಟ್ಟಲೆ ಹರಡಿದ್ದವು, ಜನ ಹತ್ತಾರು ಕಡೆ ದಾಟುತ್ತಿದ್ದರು. ಸೈರನ್ ಊದಿದರೆ ಎರಡು ನಿಮಿಷದಲ್ಲಿ ದಡ ಸೇರಬಹುದು ಎಂದು ಯೋಜನೆಯವರು ವರದಿಯಲ್ಲಿ ಬರೆದಿದ್ದರು.

ಸೆಪ್ಟೆಂಬರ್‌ನ ಒಂದು ಶನಿವಾರ ಆಂಟಿ ನನ್ನನ್ನು ಕ್ಯಾಂಟನ್‌ನ ಇಂಡಿಯನ್ ಸ್ಟೋರ್‌ಗೆ ಕರೆದೊಯ್ದು ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲ ಎರಡು ಕೊಂಡರು. ಮನೆಗೆ ಇರಬೇಕು ಅಂದುಕೊಂಡೆ. ಅಲ್ಲಿಂದ ಸೀದಾ ಹ್ಯೂರನ್ ನದಿಯ ದಡಕ್ಕೆ ಹೋದೆವು. ಮೊಣಕಾಲಮಟ್ಟ ನೀರಿರುವ, ಕಣಿವೆಯ ಹೊಳೆಯಷ್ಟೇ ಅಗಲದ ಜಾಗವನ್ನು ಅವರು ಮೊದಲೇ ನೋಡಿಟ್ಟಿದ್ದರು. ನನಗೆ ಲೈಫ್ ಜಾಕೆಟ್ ತೊಡಿಸಿ, ಎರಡೂ ಚೀಲ ಸೇರಿಸಿ ಬೆನ್ನಿಗೆ ಕಟ್ಟಿದರು.

"ದಾಟು."

"ಆಂಟಿ, ಯಾರಾದ್ರೂ ಪೊಲೀಸರಿಗೆ ಕಾಲ್ ಮಾಡ್ತಾರೆ."

"ಮಾಡ್ಲಿ. ಬರೂದ್ರಾಗ ದಾಟಿರ್ತಿ. ವರದ್ಯಾಗ ಎರಡು ನಿಮಿಷ ಅಂತ ಬರದಾರ."

ಕಲ್ಲುಗಳು ಪಾಚಿ ಕಟ್ಟಿದ್ದವು. ಪ್ರತಿ ಹೆಜ್ಜೆಗೂ ಮೊದಲು ಕಾಲಿನಿಂದ ತಡಕಬೇಕಿತ್ತು. ನಡುನೀರಿನಲ್ಲಿ ಹೊರೆ ಒಂದು ಕಡೆಗೆ ವಾಲಿ, ಬಂಡೆಯೊಂದನ್ನು ತಬ್ಬಿ ನಿಂತುಬಿಟ್ಟೆ. ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ಗಾಳ ಕೆಳಗಿಟ್ಟು, ಸಹಾಯ ಬೇಕೇ ಎಂದು ಕೇಳಿದ. ಆಂಟಿ ಅವನಿಗೆ ಇಂಗ್ಲಿಷಿನಲ್ಲಿ, ಇದು ಆಫೀಸಿನ ಕೆಲಸ ಎಂದರು. ಆಚೆ ದಡ ಮುಟ್ಟುವಾಗ ಏಳು ನಿಮಿಷ ಆಗಿತ್ತು. ದಡದಿಂದ ಅವರು ಏನೋ ಕೂಗುತ್ತಿದ್ದರಂತೆ. ನೀರಿನ ಸದ್ದಿನಲ್ಲಿ ನನಗೆ ಒಂದೂ ಕೇಳಿಸಿರಲಿಲ್ಲ. ಅದನ್ನು ಹೇಳಿದಾಗ ಅವರು, "ಸೈರನ್ನೂ ಹಿಂಗ ಆದ್ರ?" ಎಂದರು. ಅಕ್ಕಿಯನ್ನು ಒಬ್ಬೊಬ್ಬರು ಒಂದೊಂದು ಚೀಲದಂತೆ ಹಂಚಿಕೊಂಡೆವು.

ಮುಂದಿನ ವಾರವೇ ಅವರು ವೇಳಾಪಟ್ಟಿಗೆ ಹೊಸ ನಿಯಮ ಸೇರಿಸಿದರು. ಸಂಜೆಯ ನೀರನ್ನು ಒಂದು ತಾಸು ಮೊದಲಿನಿಂದ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಹೊಳೆ ಏರುವುದು ಕಣ್ಣಿಗೆ ಕಂಡರೆ ಯಾರೂ ಇಳಿಯುವುದಿಲ್ಲ, ಇಳಿದವರಿಗೂ ದಾಟಲು ಸಮಯ ಸಿಗುತ್ತದೆ. ಅದರಿಂದ ಒಳ್ಳೆಯ ಬೆಲೆಗೆ ಮಾರಬಹುದಾದ ನೀರಿನಲ್ಲಿ ಒಂದು ಪಾಲು ಮೊದಲೇ ಹರಿದುಹೋಗುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ಯೋಜನೆಯವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಮೊದಲೆರಡು ಅಣೆಕಟ್ಟುಗಳಿಗೆ ಒಪ್ಪಿದರು, ಮೂರನೆಯದಕ್ಕೆ ಆಗುವುದಿಲ್ಲ ಎಂದರು. ನಮ್ಮ ಬಾಸ್ ಮಾರ್ಕ್ ಒಂದು ದಾರಿ ಹುಡುಕಿದ: ಅದನ್ನು ನಿಯಮದ ಬದಲು ಶಿಫಾರಸು ಎಂದು ಹಾಕೋಣ. ಆಂಟಿ ಮೈಕ್ ಮ್ಯೂಟ್ ಮಾಡಿ ನನ್ನ ಕಡೆ ತಿರುಗಿದರು. "ಶಿಫಾರಸು ಹೊಳ್ಯಾಗ ನಿಂತಾಕಿಗೆ ಕಾಣಸ್ತದೇನು?"

ಎರಡು ಅಣೆಕಟ್ಟಿಗೆ ಸಹಿ ಹಾಕಿದರು, ಮೂರನೆಯದಕ್ಕೆ ಹಾಕಲಿಲ್ಲ. ತಿಂಗಳೊಳಗೆ ಅವರನ್ನು ಆ ಯೋಜನೆಯಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದರು. ಅವರು ರಾಜೀನಾಮೆ ಕೊಟ್ಟು ಶಿಕಾಗೋ ಹತ್ತಿರದ ನೇಪರ್‌ವಿಲ್‌ಗೆ, ತಂಗಿಯ ಮನೆಗೆ ಹೋದರು.

ಕಳೆದ ಏಪ್ರಿಲ್‌ನಲ್ಲಿ ನಾನು ಐದು ತಾಸು ಡ್ರೈವ್ ಮಾಡಿ ಅಲ್ಲಿಗೆ ಹೋದೆ. ಮೂರನೆಯ ಅಣೆಕಟ್ಟಿನ ವೇಳಾಪಟ್ಟಿ ಈಗ ನನ್ನ ಮೇಜಿಗೆ ಬಂದಿತ್ತು. ಇಂಜಿನಿಯರ್ ಆಗಿ ಸಹಿ ಹಾಕುವ ಲೈಸೆನ್ಸ್ ನನಗೆ ಬಂದು ವರ್ಷವಾಗಿರಲಿಲ್ಲ. ಸಹಿ ಹಾಕಿದರೆ ಆಂಟಿಯ ಹುದ್ದೆ ನನಗೆ ಎಂದು ಮಾರ್ಕ್ ಹೇಳಿದ್ದ. ಆಂಟಿ ಜೋಳದ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡರು. ನೀರು ಏರಿಸಲು ಎಷ್ಟು ಹೊತ್ತು ಕೊಟ್ಟಿದ್ದಾರೆ ಎಂದು ಕೇಳಿದರು.

"ಹತ್ತು ನಿಮಿಷ, ಆಂಟಿ."

ಅವರು ರೊಟ್ಟಿ ಮಗುಚಿದರು. ಊಟವಾಗುವವರೆಗೂ ತಂಗಿಯ ಮಕ್ಕಳ ಸ್ಕೂಲಿನ ಮಾತೇ ಆಯಿತು. ಕಾರಿನ ತನಕ ಬಂದು, ಬಾಗಿಲು ಹಿಡಿದು ನಿಂತು ಹೇಳಿದರು: "ಸಹಿ ಮಾಡೂದು, ಬಿಡೂದು ನಿನ್ನ ಕೈಯಾಗಿನ ಮಾತು. ಮಾಡಿದ್ರ ನನಗ ಫೋನ್ ಮಾಡಬ್ಯಾಡ. ಬಿಟ್ರೂ ಮಾಡಬ್ಯಾಡ. ನನ್ನ ಸಲುವಾಗಿ ಮಾಡಿದಿ ಅಂತ ಆಗಬಾರ್ದು."

ಸೋಮವಾರ ನಾನು ವೇಳಾಪಟ್ಟಿಯನ್ನು ಸಹಿ ಇಲ್ಲದೆ ಮಾರ್ಕ್‌ಗೆ ವಾಪಸ್ ಕಳಿಸಿದೆ. ಅವನು ಈಗ ಹೊರಗಿನ ಇಂಜಿನಿಯರ್ ಒಬ್ಬರನ್ನು ಹುಡುಕುತ್ತಿದ್ದಾನೆ. ಆಂಟಿಗೆ ಫೋನ್ ಮಾಡಿಲ್ಲ.