ಮಹಡಿಯವರು ಎಳೆದ ನೀಲಿ ಕೇಬಲ್

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ, ಕಪ್ಪಾಗಿ, ಎರಡು ದಳವಾಗಿ ಬೆಳೆದಿತ್ತು. ಪೀಣ್ಯದ ಕಾರ್ಖಾನೆಯೊಂದರ ಲೇತ್ ಯಂತ್ರ ಕೊಟ್ಟ ಗುರುತು ಅದು. ಆ ಸೀಳಿಗೆ ಕೇಬಲ್ಲಿನ ಸಪೂರ ತಂತಿಗಳನ್ನು ಒಂದೊಂದಾಗಿ ಸಿಕ್ಕಿಸಿ, ನೇರಮಾಡಿ, ಬಣ್ಣದ ಕ್ರಮದಲ್ಲಿ ಜೋಡಿಸುತ್ತಿದ್ದರು. ನಾವು ಅವರನ್ನು ಮಹಡಿಯವರು ಎನ್ನುತ್ತಿದ್ದೆವು. ಅವರ ಮನೆ ನಮ್ಮ ಮನೆಯ ಮೇಲೆಯೇ ಇತ್ತು. ನಿವೃತ್ತರಾದ ಮೇಲೂ ತಾರಸಿಯ ತಗಡಿನ ಕೋಣೆಯಲ್ಲಿ ಸಣ್ಣದೊಂದು ಲೇತ್ ಇಟ್ಟುಕೊಂಡು ಬಿಡಿಭಾಗಗಳನ್ನು ಮಾಡಿಕೊಡುತ್ತಿದ್ದರು. ಜೊತೆಗಿದ್ದವರು ಅಕ್ಕ ಒಬ್ಬರೇ. ಪಾರ್ಶ್ವವಾಯು ಆ ಅಕ್ಕನ ಮಾತನ್ನೂ ಒಂದು ಮಗ್ಗುಲನ್ನೂ ಕಸಿದುಕೊಂಡಿತ್ತು.

ಅಕ್ಕ ಕೂಗಲಾರರು, ಮೊಬೈಲಿನ ನುಣುಪು ಗಾಜು ಅವರ ನಡುಗುವ ಬೆರಳಿಗೆ ಒಗ್ಗದು. ಆದ್ದರಿಂದ ಮಹಡಿಯವರು ಗುಜರಿ ಅಂಗಡಿಯಿಂದ ಮೂರು ಹಳೆಯ ಕಂಪ್ಯೂಟರುಗಳನ್ನು ತಂದರು. ಒಂದು ಅಕ್ಕನ ಮಂಚದ ಪಕ್ಕಕ್ಕೆ, ಒಂದು ತಗಡಿನ ಕೋಣೆಗೆ, ಇನ್ನೊಂದು ಕೆಳಗೆ ನಮ್ಮ ಹಜಾರಕ್ಕೆ. ಕಿಟಕಿಯಿಂದ ಕಿಟಕಿಗೆ ನೀಲಿ ಕೇಬಲ್ ಇಳಿಯಿತು. ಅಕ್ಕ ಕೀಬೋರ್ಡಿನ ಉದ್ದನೆಯ ಕೀಲಿಯನ್ನು ಮಣಿಕಟ್ಟಿನಿಂದ ಒತ್ತಿದರೆ ಉಳಿದೆರಡರಲ್ಲೂ ಗಂಟೆ ಮೊಳಗುತ್ತಿತ್ತು.

“ಇದಕ್ಕೆಲ್ಲ ಒಂದು ಕಾಲಿಂಗ್ ಬೆಲ್ ಸಾಲದೇ?” ಎಂದಿದ್ದೆ.

“ಬೆಲ್ಲು ವಾಪಸ್ ಮಾತಾಡುತ್ತೇನ್ರೀ ಮೇಷ್ಟ್ರೇ? ನಮಗೆ ಕೇಳಿಸ್ತೋ ಇಲ್ವೋ ಅಂತ ಅಕ್ಕಂಗೆ ಹೆಂಗೆ ಗೊತ್ತಾಗ್ಬೇಕು?”

ನಾವು ಮರಳಿ ಒಂದು ಕೀಲಿ ಒತ್ತಿದರೆ ಅಕ್ಕನ ಪರದೆಯ ತುಂಬ ‘ಬಂದೆ’ ಎಂಬ ಅಕ್ಷರಗಳು ಮೂಡುತ್ತಿದ್ದವು. ‘ಬರುತ್ತಿದ್ದೇನೆ’ ಎಂದಿರಲಿ ಎಂದು ನಾನು ತಿದ್ದಲು ಹೋದೆ. ಶಾಲೆ ಬಿಟ್ಟರೂ ಆ ಚಾಳಿ ನನ್ನನ್ನು ಬಿಟ್ಟಿಲ್ಲ.

“ಅಷ್ಟುದ್ದ ಓದೋ ಹೊತ್ತಿಗೆ ನಾನೇ ಎದುರಿಗೆ ನಿಂತಿರ್ತೀನಿ, ಬಿಡಿ!”

ಹೀಗೆ ನಗುವವರು, ನಮ್ಮ ಹಜಾರದಲ್ಲಿ ಕೇಬಲ್‌ಗಳೆಲ್ಲ ಕೂಡುವ ಪುಟ್ಟ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ನಗುತ್ತಿರಲಿಲ್ಲ. ಒಮ್ಮೆ ಇಲಿ ಕೇಬಲ್ ಕಡಿದು ಅದರ ಹಸಿರು ದೀಪ ಆರಿದಾಗ, ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಉರುಳಿಸಿಕೊಂಡು ಮೆಟ್ಟಿಲು ಹತ್ತಿದ್ದರು. ಅಕ್ಕನನ್ನು ನೋಡಿಕೊಂಡು ಇಳಿದು ಬಂದವರು ಆ ಪೆಟ್ಟಿಗೆಯನ್ನು ತೋರಿಸಿ ಹೇಳಿದರು: “ಬೆಲ್ ಎಷ್ಟು ಹೊಡಕೊಂಡ್ರೂ ಭಯ ಇಲ್ಲ ಮೇಷ್ಟ್ರೇ. ಈ ಲೈಟ್ ಆಫ್ ಆದ್ರೆ ಮಾತ್ರ ಏನ್ ಮಾಡ್ತಿದ್ರೂ ಬಿಟ್ಟು ಓಡಿ ಬನ್ನಿ.”

ಆಯುಧಪೂಜೆಯ ಬೆಳಗ್ಗೆ ಆ ದೀಪವನ್ನು ಅವರೇ ಆರಿಸಿದರು.

ಪೂಜೆಗೊಂಡ ಯಂತ್ರವನ್ನು ಮರುದಿನದವರೆಗೆ ಮುಟ್ಟಬಾರದೆಂಬುದು ಅವರು ಕಾರ್ಖಾನೆಯಿಂದ ತಂದ ಕಟ್ಟಳೆ. ಕೆಳಗೆ ಬರುವಾಗ ಮೆಟ್ಟಿಲ ನಡುವೆ ನಿಂತು ಎದೆ ನೀವಿಕೊಂಡದ್ದನ್ನು ಕಂಡೆ. ನಮ್ಮ ಕಂಪ್ಯೂಟರನ್ನೂ ನಿಲ್ಲಿಸಿ, ಪರದೆಗೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಹಾಕಿದರು.

“ಅಕ್ಕನವರದನ್ನೂ ನಿಲ್ಲಿಸಿದಿರಾ?” ಎಂದು ಕೇಳಿದೆ.

“ಮಷೀನ್‌ಗೂ ವರ್ಷಕ್ಕೊಂದಿನ ರಜಾ ಬೇಡ್ವೇನ್ರೀ? ನಾನು ಮನೇಲೇ ಇರ್ತೀನಲ್ಲ” ಎಂದು, ಗೇಟಿನ ಮುಂದೆ ಬೂದುಗುಂಬಳ ಒಡೆದು ಮೇಲೆ ಹೋದರು.

ಆಟೋ ನಿಲ್ದಾಣದ ಧ್ವನಿವರ್ಧಕ ದಿನವಿಡೀ ಅರಚಿತು. ನಮ್ಮ ಹಜಾರದಲ್ಲಿ ಮಾತ್ರ ಹೂ ಮುಡಿದ ಮೌನ. ಸಂಜೆಯಾಗುತ್ತಿದ್ದಂತೆ ನನ್ನ ಹೆಂಡತಿ, “ಮೇಲಿಂದ ಕಡ್ಲೆಪುರಿ ಇನ್ನೂ ಬಂದಿಲ್ಲ ಕಣ್ರೀ” ಎಂದಳು. ಪೂಜೆಯ ಪ್ರಸಾದವನ್ನು ಅವರು ಮಧ್ಯಾಹ್ನವೇ ತರುವವರು. ಆಗ ನಾನು ಮೆಟ್ಟಿಲು ಹತ್ತಿದೆ.

ಲೇತಿಗೆ ದೀಪ ಹಚ್ಚಲು ಹೋದವರು ಅದರ ಬುಡದಲ್ಲೇ ಬಿದ್ದಿದ್ದರು. ಮೈ ಇನ್ನೂ ಬೆಚ್ಚಗಿತ್ತು, ಉಸಿರಿರಲಿಲ್ಲ. ಅಕ್ಕನ ಕೋಣೆಗೆ ಓಡಿದೆ. ಹಾರ ಹೊತ್ತ ಕಪ್ಪು ಪರದೆಯ ಮುಂದೆ ಅವರ ಮಣಿಕಟ್ಟು ಏಳುತ್ತ ಬೀಳುತ್ತ ಇತ್ತು. ಬೆಳಗ್ಗೆ ಮಹಡಿಯವರು ಕೀಲಿಗೆ ಹಚ್ಚಿದ್ದ ಕುಂಕುಮವೆಲ್ಲ ಅಳಿಸಿ, ಅವರ ಕೈಗೆ ಹತ್ತಿತ್ತು. ಅವರು ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ ತಿಳಿಯದು.

“ಬಿದ್ದ ಕೂಡಲೇ ಕರ್ಕೊಂಡ್ ಬಂದಿದ್ರೆ...” ಎಂದರು ಆಸ್ಪತ್ರೆಯ ವೈದ್ಯರು.

ಅಕ್ಕನವರು ಈಗಲೂ ಮಹಡಿಯಲ್ಲಿಯೇ ಇದ್ದಾರೆ. ಹಗಲು ನೋಡಿಕೊಳ್ಳಲು ಹೆಂಗಸೊಬ್ಬಳಿದ್ದಾಳೆ, ಉಳಿದ ಹೊತ್ತು ನಾವಿದ್ದೇವೆ. ಈ ಸಲದ ಆಯುಧಪೂಜೆಗೆ, ನಮ್ಮ ಹಜಾರದ ಕಂಪ್ಯೂಟರನ್ನು ನಿಲ್ಲಿಸದೆಯೇ ಅದಕ್ಕೆ ವಿಭೂತಿ ಹಚ್ಚಿದೆ. ಬೆರಳು ತೆಗೆಯುವ ಮುನ್ನವೇ ಗಂಟೆ ಮೊಳಗಿತು. ಉತ್ತರದ ಕೀಲಿ ಒತ್ತಿ ಮೇಲಕ್ಕೋಡಿದೆ.

ಅಕ್ಕನ ಪರದೆಯ ತುಂಬ ‘ಬಂದೆ’ ಎಂದಿತ್ತು. ಅಕ್ಕ ಬಾಗಿಲಲ್ಲಿ ನನ್ನನ್ನು ಕಂಡರು. ಅನಂತರ ಅವರ ಕಣ್ಣು, ಎಂದಿನಂತೆ, ನನ್ನನ್ನು ದಾಟಿ ಹಿಂದಿನ ಮೆಟ್ಟಿಲಿನತ್ತ ಹೋಯಿತು.