ಅಣ್ಣನ ಕಾರಿನ ಎಂಜಿನ್

ಅಣ್ಣ ತನ್ನ ಹಳೆಯ ಕಾರಿಗೆ ಮುನ್ನೂರು ಹಾರ್ಸ್‌ಪವರ್ ಬೇಕೆಂದು ಹಟ ಹಿಡಿದಾಗ, ಮೆಕ್ಯಾನಿಕಲ್ ಓದಿದ ನನ್ನನ್ನು ಕೇಳಿದ. ಮೂರು ಲೀಟರಿನ ದೊಡ್ಡ ಎಂಜಿನ್ ಹಾಕಿಸು, ಉದ್ದನೆಯ ಗೇರು ಕೂಡಿಸು ಎಂದೆ. ಆಗ ಎಂಜಿನ್ ನಿಧಾನವಾಗಿ ತಿರುಗಿದರೂ ಕಾರು ವೇಗವಾಗಿ ಓಡುತ್ತದೆ, ಸದ್ದೂ ಕಡಿಮೆ.

“ಏ, ಮುದುಕರು ಓಡ್ಸೋ ಕಾರು ಮಾಡ್ತೀಯೇನ ನೀ?” ಎಂದು ನಕ್ಕ. ಚಿಕ್ಕ ಎಂಜಿನ್‌ಗೆ ಟರ್ಬೊ ಸೇರಿಸಿ, ಗಿಡ್ಡ ಗೇರು ಹಾಕಿಸಿದ. ಸಿಗ್ನಲ್ ಬಿಟ್ಟ ತಕ್ಷಣ ಅದು ಚಿಮ್ಮುವುದನ್ನು ನೋಡಿ ಅವನ ಗೆಳೆಯರು ಶಿಳ್ಳೆ ಹೊಡೆದರು.

ಮನೆಯಲ್ಲಿ ಹೇಳಲಾಗದ್ದನ್ನು ನಾನು ಅಣ್ಣನಿಗೆ ಹೇಳುತ್ತಿದ್ದುದು ಕಾರಿನಲ್ಲಿ ಮಾತ್ರ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬಳ್ಳಾರಿಯಿಂದ ಹೊರಟೆವು. ನನ್ನನ್ನು ಕುರುಗೋಡಿನ ಅಕ್ಕನ ಮನೆಯಲ್ಲಿ ಇಳಿಸಿ, ಅವನು ಸಿರುಗುಪ್ಪಕ್ಕೆ ಹೋಗಿ, ನನ್ನನ್ನು ನೋಡಿ ಹೋದವರಿಗೆ ಮನೆಯವರ ಒಪ್ಪಿಗೆ ತಿಳಿಸುವುದಿತ್ತು. ಈ ಸಂಬಂಧ ನನಗೆ ಬೇಡವೆಂದು ಕುರುಗೋಡು ಬರುವುದರೊಳಗೆ ಹೇಳಬೇಕೆಂದುಕೊಂಡಿದ್ದೆ.

ಗಿಡ್ಡ ಗೇರಿನಿಂದಾಗಿ ಎಂಬತ್ತರ ವೇಗದಲ್ಲೇ ಎಂಜಿನ್ ಅರಚುತ್ತಿತ್ತು.

“ಅಣ್ಣಾ, ಒಂದು ಮಾತು ಹೇಳೋದೈತಿ.”

“ಜೋರಾಗಿ ಹೇಳವ್ವಾ, ಏನೂ ಕೇಳ್ಸವಲ್ದು!”

ಅಂಥ ಮಾತನ್ನು ಕೂಗಿ ಹೇಳಲು ನನ್ನಿಂದಾಗಲಿಲ್ಲ. ಕುರುಗೋಡಿನಲ್ಲಿ ಕಾರು ನಿಂತಾಗ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. “ಬರುವಾಗ ಪೇಡೆ ತರ್ತೀನಿ,” ಎಂದು ಅಣ್ಣ ಅವಳಿಗೆ ಹೇಳಿ ಗೇರು ಹಾಕಿದ. ಅವನನ್ನು ತಡೆಯಲು ನಾನು ಕೈ ಎತ್ತುವಷ್ಟರಲ್ಲಿ ಕಾರು ತಿರುವು ದಾಟಿತ್ತು.